ಹಳೆ ಬ್ಲಾಕ್ ಅಂಡ್ ವೈಟ್ ಟಿವಿ: ಪ್ಲಗ್ ಹಾಕುವ ಮುನ್ನ

ವರ್ಷಗಟ್ಟಲೆ ಅಟ್ಟದಲ್ಲಿದ್ದ ಟ್ರಾನ್ಸಿಸ್ಟರ್ ಟಿವಿಯನ್ನು ದಯವಿಟ್ಟು ನೇರವಾಗಿ 230 ವೋಲ್ಟ್‌ಗೆ ಹಾಕಬೇಡಿ. ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಹಾಳಾಗಿ ಶಾರ್ಟ್ ಆಗಿದ್ದರೆ ಡಯೋಡುಗಳನ್ನೂ ಸುಟ್ಟುಬಿಡುತ್ತದೆ. ಮೊದಲ ಸಲ 60 ವ್ಯಾಟ್ ಫಿಲಮೆಂಟ್ ಬಲ್ಬನ್ನು ಟಿವಿಗೆ ಹೋಗುವ ಒಂದು ತಂತಿಯ ನಡುವೆ, ಅಂದರೆ ಸೀರೀಸ್‌ನಲ್ಲಿ ಕೊಡಿ, ಎಲ್‌ಇಡಿ ನಡೆಯದು. ಬಲ್ಬ್ ಪೂರ್ತಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ ಶಾರ್ಟ್ ಹುಡುಕಿ. ಎಷ್ಟೋ ಸೆಟ್‌ಗಳಲ್ಲಿ ಚಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) ಕರೆಂಟ್ ಇರುತ್ತದೆ, ಟಿವಿಯನ್ನು ಮನೆಯ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಲೇಬೇಡಿ.

ಪರದೆಯಲ್ಲಿ ಎರಡು ಅಡ್ಡ ಕಪ್ಪು ಪಟ್ಟಿ ತೇಲಿದರೆ ಫಿಲ್ಟರ್ ಕೆಪಾಸಿಟರ್ ಬಲ ಕಳೆದುಕೊಂಡಿದೆ. ನಾಲ್ಕು ಡಯೋಡಿನ ಬ್ರಿಡ್ಜ್ ರೆಕ್ಟಿಫೈಯರ್ ಇದ್ದೂ ಒಂದೇ ಪಟ್ಟಿ ಕಂಡರೆ ಡಯೋಡ್‌ಗಳನ್ನೂ ಅಳೆಯಿರಿ, ಒಂದು ಓಪನ್ ಆಗಿರಬಹುದು. ಚಿತ್ರ ಕೆಳಗಡೆ ಕುಗ್ಗಿ ಮಡಚಿಕೊಂಡಿದ್ದರೆ ಚಿತ್ರವನ್ನು ಮೇಲೆ-ಕೆಳಗೆ ಹರಡುವ ವರ್ಟಿಕಲ್ ಔಟ್‌ಪುಟ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮೇಲೆ ಮೊದಲ ಅನುಮಾನ. ಹೊಸ ಕೆಪಾಸಿಟರ್ ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ಬಿಸಿ ತಾಳುವಂಥದ್ದಿರಲಿ. ಒಂದೊಂದೇ ಬದಲಿಸಿ, ಪೋಲಾರಿಟಿ ನೋಡಿಕೊಂಡು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ತಪ್ಪು ಎಲ್ಲಾಯಿತೆಂದೇ ತಿಳಿಯುವುದಿಲ್ಲ.

ಚಿತ್ರವನ್ನು ಅಡ್ಡಕ್ಕೆ ಹರಡುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಲೆಕ್ಟರ್‌ನಲ್ಲಿರುವ ಟ್ಯೂನಿಂಗ್ ಕೆಪಾಸಿಟರ್ ಮಾತ್ರ ಬೇರೆ ಜಾತಿ. ಅಲ್ಲಿ ಪಾಲಿಪ್ರೊಪಿಲೀನ್, ಮೂಲದಷ್ಟೇ ಮೈಕ್ರೊಫ್ಯಾರಡ್, 1600 ವೋಲ್ಟ್‌ನದ್ದೇ ಹಾಕಿ. ಮೈಕ್ರೊಫ್ಯಾರಡ್ ಕಡಿಮೆಯಾದರೆ ಪಿಕ್ಚರ್ ಟ್ಯೂಬಿನ ಹೈ ವೋಲ್ಟೇಜ್ ಏರಿ ಆ ಟ್ರಾನ್ಸಿಸ್ಟರೇ ಹೋಗುತ್ತದೆ.