‘ಟೂ ಬುಕ್’ ಹೋಗಿ ‘ಟೂ ಬುಕ್ಸ್’ ಬಂದ ಬಗೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಮನೆಪಾಠ ಹೇಳುವವರಿಗೆಲ್ಲ ಈ ಕಾಟ ಗೊತ್ತು. ಮ್ಯಾನ್–ಮೆನ್, ಮೌಸ್–ಮೈಸ್, ಆಕ್ಸ್–ಆಕ್ಸೆನ್ ಎಂಬ ಏಕವಚನ–ಬಹುವಚನದ ಪಟ್ಟಿಯನ್ನು ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಪತ್ರ ಬರೆಯಲು ಕೊಟ್ಟರೆ ಮಾತ್ರ ‘ಐ ಹ್ಯಾವ್ ಟೂ ಬುಕ್’.

ನಾನು ಮೊದಲು ಹಣ ಸುರಿದದ್ದು ಚಿತ್ರಪಟಗಳಿಗೆ. ಲ್ಯಾಮಿನೇಷನ್ ಸೇರಿ ಹೆಚ್ಚುಕಡಿಮೆ 2,000 ರೂಪಾಯಿ. ಪಟ ಎದುರಿಗಿದ್ದಾಗ ‘ಆಪಲ್ಸ್’, ಮಡಚಿಟ್ಟೊಡನೆ ‘ತ್ರೀ ಆಪಲ್’. ಆಮೇಲೆ ಒಂದು ಮೊಬೈಲ್ ಆ್ಯಪ್‌ಗೆ ಆರೇಳುನೂರು ಹೋಯಿತು. ತಲೆಗೆ ತಿಂಗಳಿಗೆ 300 ರೂಪಾಯಿ ಪಡೆಯುವವನಿಗೆ ಇದು ಸಣ್ಣ ಮೊತ್ತವಲ್ಲ.

ದಾರಿ ಸಿಕ್ಕಿದ್ದು ಕನ್ನಡದಲ್ಲೇ. ನಾವು ‘ಎರಡು ಪುಸ್ತಕ’, ‘ಹತ್ತು ರೂಪಾಯಿ’ ಎನ್ನುತ್ತೇವೆ. ಸಂಖ್ಯೆ ಬಂದ ಮೇಲೆ ‘ಗಳು’ ಬೇಕೆಂದೇನಿಲ್ಲ. ಆದರೆ ‘ಇಬ್ಬರು ಹುಡುಗ’ ಎಂದು ಯಾವ ಮಗುವೂ ಹೇಳುವುದಿಲ್ಲ. ಹಾಗಾಗಿ ಪುಸ್ತಕ, ಪೆನ್ನು, ಸೇಬುಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಮನುಷ್ಯರಿಂದ ಶುರು ಮಾಡಿದೆ: ಟೂ ಬಾಯ್ಸ್, ತ್ರೀ ಟೀಚರ್ಸ್, ಫೋರ್ ಡಾಕ್ಟರ್ಸ್. ಹದಿನೈದು ದಿನದಷ್ಟು ವಸ್ತುಗಳ ಮಾತೇ ಇಲ್ಲ. ಬಳಿಕ ‘ಪುಸ್ತಕಕ್ಕೂ ಇಂಗ್ಲಿಷಿನಲ್ಲಿ ಹುಡುಗರಷ್ಟೇ ಮರ್ಯಾದೆ’ ಎಂದೆ. ನಕ್ಕರು, ಆದರೆ ಹಿಡಿದುಕೊಂಡರು. ಇಂಗ್ಲಿಷ್ ಕಲಿಸಲು ಕನ್ನಡದ ಹಂಗೇಕೆ ಎಂದು ಮೂಗು ಮುರಿದಿದ್ದ ಸಹೋದ್ಯೋಗಿಗಳು ಈಗ ನನ್ನ ಮಕ್ಕಳ ನೋಟ್‌ಬುಕ್ ತರಿಸಿಕೊಂಡು ನೋಡುತ್ತಾರೆ.

ಉಚ್ಚಾರಣೆಗೂ ನಮ್ಮ ವರ್ಣಮಾಲೆಯೇ ಸಾಕಾಯಿತು. ವರ್ಗದ ಮೊದಲ ಅಕ್ಷರದ ಧ್ವನಿಯಲ್ಲಿ ಮುಗಿದರೆ ಸ್: ಬುಕ್ಸ್, ಕ್ಯಾಟ್ಸ್, ಕಪ್ಸ್. ಮೂರನೆಯದಾದರೆ ಜ಼್: ಬ್ಯಾಗ್ಜ಼್, ಬೆಡ್ಜ಼್, ಟಬ್ಜ಼್. ಗಂಟಲ ಮೇಲೆ ಬೆರಳಿಟ್ಟು ಹೇಳಿಸಿದರೆ ನಡುಕ ತಾನೇ ಗೊತ್ತಾಗುತ್ತದೆ. ಚವರ್ಗ ಮಾತ್ರ ತಕರಾರಿನದು: ಮ್ಯಾಚ್, ಬ್ಯಾಡ್ಜ್ ಎರಡಕ್ಕೂ ‘ಇಜ಼್’ ಸೇರಬೇಕು, ಬಸ್ ಮತ್ತು ಬ್ರಷ್‌ಗಳಿಗೆ ಸೇರುವ ಹಾಗೆ. ನೈಫ್–ನೈವ್ಸ್ ಆಗುತ್ತದೆ, ರೂಫ್ ರೂಫ್ಸ್ ಆಗಿಯೇ ಉಳಿಯುತ್ತದೆ. ಅದಕ್ಕೆ ನಾನೊಂದು ಪದ್ಯ ಕಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ನೋಡಿ.

ಎಣಿಸಲು ಬಾರದ ಪದಗಳಿಗೆ ದಿನಸಿ ಅಂಗಡಿಯ ಆಟ. ನಲವತ್ತೋ ಐವತ್ತೋ ರೂಪಾಯಿಯ ಒಂದು ಬಿಲ್ ಪುಸ್ತಕ, ಅಷ್ಟೇ ಖರ್ಚು. ಒಬ್ಬ ಹುಡುಗಿ ‘ಟೂ ರೈಸಸ್’ ಎಂದು ಬರೆದಳು. ‘ಅಕ್ಕಿಯನ್ನು ಕಾಳುಕಾಳಾಗಿ ಮಾರುತ್ತೀಯೇನಮ್ಮ?’ ಎಂದೆ. ಅಂಕಿಯ ಪಕ್ಕದಲ್ಲೇ ಹೊಡೆದುಹಾಕಿ ‘ಟೂ ಬ್ಯಾಗ್ಸ್ ಆಫ್ ರೈಸ್’ ಎಂದು ತಿದ್ದಿದಳು. ಚೀಲಕ್ಕೆ ಸ್, ಅಕ್ಕಿಗಿಲ್ಲ. ಎಣ್ಣೆ, ಸಕ್ಕರೆ ಅದೇ ದಾರಿಯಲ್ಲಿ ಬಂದವು. ಫರ್ನಿಚರ್, ಲಗೇಜ್ ಇನ್ನೂ ಬಗ್ಗಿಲ್ಲ; ಮನೆಯವರೇ ‘ಲಗೇಜುಗಳು’ ಎನ್ನುತ್ತಿರುವಾಗ ಮಗುವನ್ನು ದೂರಿ ಏನು ಫಲ?

ನಡುವೆ ಇನ್ನೊಂದು ಪ್ರಯೋಗ. ಹಳೆಯ ಇಂಗ್ಲಿಷಿನಲ್ಲಿ ‘ಎನ್’ ಕೊನೆಯ ಬಹುವಚನಗಳು ಇನ್ನೂ ಬಹಳ ಇದ್ದವು, ಕಣ್ಣುಗಳಿಗೆ ‘ಐಯೆನ್’ ಎನ್ನುತ್ತಿದ್ದ ಕಾಲವಿತ್ತು, ಆಕ್ಸೆನ್ ಆ ಗುಂಪಿನಲ್ಲಿ ಉಳಿದುಕೊಂಡದ್ದು ಎಂದು ಹೇಳಿದೆ. ಪಾಠ ಅಲ್ಲಿಗೇ ಮುಗಿಯಿತು. ಮಕ್ಕಳು ‘ಪೆನ್ಸಿಲೆನ್’, ‘ಬಸ್ಸೆನ್’ ಎಂದು ಕೂಗಾಡಿದರು. ಒಬ್ಬ ಫುಟ್–ಫೀಟ್ ನೋಡಿಕೊಂಡು ಬೂಟಿಗೆ ‘ಬೀಟ್’ ಎಂದ. ತರ್ಕ ಸರಿಯಾಗಿಯೇ ಇತ್ತು, ಆದರೆ ಆ ದಾರಿ ಹಿಡಿದದ್ದು ಫುಟ್, ಟೂತ್, ಗೂಸ್‌ನಂಥ ಕೆಲವೇ ಹಳೆಯ ಪದಗಳು.

ಈ ವರ್ಷ ಮೂವತ್ತರ ಸುಮಾರಿನ ಮಕ್ಕಳಲ್ಲಿ ‘ಟೂ ಬುಕ್’ ಬರೆಯುವವರು ನಾಲ್ಕೈದು ಮಂದಿ ಉಳಿದಿದ್ದಾರೆ. ಈಗಿನ ತಲೆನೋವೇ ಬೇರೆ: ಸ್ ಕೈವಶವಾದ ಹುಮ್ಮಸ್ಸಿನಲ್ಲಿ ‘ಬಾಯ್ಸ್ ರನ್ಸ್’ ಎಂದು ಎರಡೂ ಕಡೆ ಹಚ್ಚುತ್ತಿದ್ದಾರೆ. ಒಂದೇ ಒಂದು ಸ್ ಬರೆದ ರಟ್ಟಿನ ಚೂರು ಕೊಟ್ಟು, ಕರ್ತೃವಿಗೋ ಕ್ರಿಯಾಪದಕ್ಕೋ ಎಲ್ಲಾದರೂ ಒಂದೇ ಕಡೆ ಇಡಿ ಎನ್ನುತ್ತಿದ್ದೇನೆ. ‘ಮೆನ್’, ‘ಚಿಲ್ಡ್ರನ್’ ಬಂದಾಗ ಚೂರು ಯಾರಿಗೂ ಸೇರದೆ ಕೈಯಲ್ಲೇ ಉಳಿಯುತ್ತದೆ. ಅದಕ್ಕೂ ಒಂದು ಉಪಾಯ ಹೊಳೆದಿದೆ, ದಸರಾ ರಜೆ ಕಳೆದ ಮೇಲೆ ನೋಡಬೇಕು.