ವರ್ಜೀನಿಯಾದ ಟಿಕೆಟ್, ನ್ಯೂಜೆರ್ಸಿಯ ಲೈಸೆನ್ಸ್: ನನ್ನ ಅನುಭವ

ನನ್ನ ಡ್ರೈವಿಂಗ್ ಲೈಸೆನ್ಸ್ ನ್ಯೂಜೆರ್ಸಿಯದು. ಜೋರಾಗಿ ಓಡಿಸಿದ್ದಕ್ಕೆ ಪೊಲೀಸರ ಟಿಕೆಟ್ ಬಿದ್ದದ್ದು ವರ್ಜೀನಿಯಾದಲ್ಲಿ. ವಿಷಯ ತಿಳಿದ ಕೂಡಲೇ ನ್ಯೂಜೆರ್ಸಿಯ ಎಡಿಸನ್‌ನ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಬಿಟ್ಟುಬಿಡು ಮಾರಾಯಾ. ಬೇರೆ ಸ್ಟೇಟಿಂದು ಅಲ್ವಾ, ಇಲ್ಲಿಗೆ ಏನೂ ಬರಲ್ಲ." ನಾನು ಕಟ್ಟಲಿಲ್ಲ. ಕಟ್ಟುವ ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು ಅನ್ನಿಸಿತು. ಟಿಕೆಟ್ ಕೊಟ್ಟ ಸ್ಟೇಟಿನಲ್ಲಿ ಇದು ಯಾವ ದರ್ಜೆಯ ತಪ್ಪು? ನನ್ನ ಸ್ಟೇಟ್ ಇದನ್ನು ಹೇಗೆ ಬರೆದುಕೊಳ್ಳುತ್ತದೆ? ಈ ಎರಡಕ್ಕೂ ಉತ್ತರ ಬೇರೆ ಬೇರೆ ಕಡೆ ಸಿಗುತ್ತದೆ. ಅದಕ್ಕೇ ಇಷ್ಟೊಂದು ಜನ ಗೊಂದಲಕ್ಕೆ ಬೀಳುತ್ತಾರೆ.

ನಮ್ಮೂರಿನಿಂದ ಬಂದವರಿಗೆ ಈ ಪ್ರಶ್ನೆ ಹೊಳೆಯುವುದೇ ಕಷ್ಟ. ಭಾರತದಲ್ಲಿ ಜಯನಗರ ಆರ್‌ಟಿಓ ಕೊಟ್ಟ ಲೈಸೆನ್ಸ್ ದೇಶಕ್ಕೆಲ್ಲ ಒಂದೇ ಕಾಯ್ದೆಯಡಿ ಕೊಟ್ಟದ್ದು. ಅಮೆರಿಕದಲ್ಲಿ ಹಾಗಲ್ಲ. ಲೈಸೆನ್ಸ್ ಕೊಡುವುದು ಸ್ಟೇಟ್, ಕಾನೂನು ಸ್ಟೇಟಿಂದು, ತಪ್ಪಿಗೆ ತಕ್ಕಂತೆ ಲೈಸೆನ್ಸ್ ದಾಖಲೆಗೆ ಬೀಳುವ ಪಾಯಿಂಟ್ ಲೆಕ್ಕವೂ ಸ್ಟೇಟಿಂದೇ. ಆದರೆ ಸ್ಟೇಟುಗಳು ಒಂದಕ್ಕೊಂದು ಸುದ್ದಿ ಕೊಡುವ ಒಪ್ಪಂದ ಮಾಡಿಕೊಂಡಿವೆ.

ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್ ಅಂತ ಅದರ ಹೆಸರು. 1960ರ ದಶಕದ ಶುರುವಿನಿಂದ ಇದೆ. 45 ಸ್ಟೇಟುಗಳು ಮತ್ತು ವಾಷಿಂಗ್ಟನ್ ಡಿಸಿ ಇದರಲ್ಲಿ ಇವೆ. ಜಾರ್ಜಿಯಾ, ಮ್ಯಾಸಚೂಸೆಟ್ಸ್, ಮಿಷಿಗನ್, ಟೆನೆಸಿ, ವಿಸ್ಕಾನ್ಸಿನ್ ಹೊರಗಿವೆ. ಹೊರಗಿವೆ ಅಂದ ಮಾತ್ರಕ್ಕೆ ಅಲ್ಲಿನ ಸುದ್ದಿ ಹೋಗುವುದಿಲ್ಲ ಅಂತಲ್ಲ, ಅವೂ ಬೇರೆ ದಾರಿಯಲ್ಲಿ ದಾಖಲೆ ಹಂಚಿಕೊಳ್ಳುತ್ತವೆ. ಒಬ್ಬ ಡ್ರೈವರ್‌ಗೆ ಒಂದೇ ಲೈಸೆನ್ಸ್, ಒಂದೇ ದಾಖಲೆ ಅನ್ನುವುದು ಒಪ್ಪಂದದ ಮೂಲ ಮಾತು. ನೀವು ಎಲ್ಲಿ ತಪ್ಪಿತಸ್ಥ ಅಂತಾದರೂ ಆ ಸುದ್ದಿ ಲೈಸೆನ್ಸ್ ಕೊಟ್ಟ ಸ್ಟೇಟಿಗೆ ಬರುತ್ತದೆ. ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಆಯಾ ಸ್ಟೇಟ್ ತನ್ನ ಕಾನೂನಿನ ಪ್ರಕಾರ ತೀರ್ಮಾನಿಸುತ್ತದೆ.

ಆ ತೀರ್ಮಾನದಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡಿ. ನ್ಯೂಯಾರ್ಕ್ ಲೈಸೆನ್ಸ್ ಇದ್ದವರಿಗೆ ಬೇರೆ ಸ್ಟೇಟಿನ ಸಾಮಾನ್ಯ ಸ್ಪೀಡಿಂಗ್ ಟಿಕೆಟ್‌ಗೆ ಪಾಯಿಂಟ್ ಬೀಳುವುದಿಲ್ಲ. ಆದರೆ ಕೆನಡಾದ ಒಂಟಾರಿಯೋ, ಕ್ವಿಬೆಕ್‌ನಲ್ಲಿ ಸಿಕ್ಕಿಬಿದ್ದರೆ ಬೀಳುತ್ತದೆ! ನ್ಯೂಜೆರ್ಸಿಯಲ್ಲಿ ಬೇರೆ ಸ್ಟೇಟಿನಲ್ಲಿ ಮಾಡಿದ ಮೂವಿಂಗ್ ವಯಲೇಶನ್‌ಗೆ, ಅಂದರೆ ಗಾಡಿ ಓಡಿಸುವಾಗಿನ ತಪ್ಪಿಗೆ, 2 ಪಾಯಿಂಟ್. ವೇಗ ಸ್ವಲ್ಪ ಜಾಸ್ತಿಯೋ ಬಹಳ ಜಾಸ್ತಿಯೋ, ಅದೇ 2. ಇದೇ ತಪ್ಪು ನ್ಯೂಜೆರ್ಸಿಯ ಒಳಗೇ ಆಗಿದ್ದರೆ ಲೆಕ್ಕ ಬೇರೆ. ವೇಗ ಮಿತಿಗಿಂತ ಗಂಟೆಗೆ 14 ಮೈಲಿವರೆಗೆ ಜಾಸ್ತಿ ಇದ್ದರೆ 2, 15ರಿಂದ 29 ಮೈಲಿ ಇದ್ದರೆ 4, ಅದಕ್ಕೂ ಮೇಲೆ 5. ನನ್ನ ಕೇಸಿನಲ್ಲಿ ಈ ಒಂದು ವಿಷಯ ಬಹಳ ಮುಖ್ಯವಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಟಿಕೆಟ್ ವಿಷಯ. ಯುಗಾದಿಗೆ ಅಂತ ಕುಟುಂಬದ ಜೊತೆ ನಾರ್ತ್ ಕ್ಯಾರೊಲೈನಾಕ್ಕೆ ಹೊರಟಿದ್ದೆ. ಐ-95 ಹೆದ್ದಾರಿಯಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್ ದಾಟಿದ ಮೇಲೆ ರಸ್ತೆ ನೇರ, ಎರಡೂ ಕಡೆ ಪೈನ್ ಮರ, ಮಿತಿ 70 ಮೈಲಿ. ಟ್ರೂಪರ್, ಅಂದರೆ ಸ್ಟೇಟ್ ಪೊಲೀಸ್, ನಿಲ್ಲಿಸಿ ಬರೆದದ್ದು 87. ಕೈಗೆ ಬಂದ ಕಾಗದವನ್ನು ಅಲ್ಲೇ ರಸ್ತೆ ಬದಿಯ ಶೋಲ್ಡರ್‌ನಲ್ಲಿ ಕೂತು ಓದಿದೆ. ಸೆಕ್ಷನ್ ಜಾಗದಲ್ಲಿ 46.2-862 ಅಂತಿತ್ತು. ಕೆಳಗೆ, ಕೋರ್ಟಿಗೆ ಬರದೆಯೂ ಮುಗಿಸಬಹುದು ಅನ್ನುವ ಸಾಲಿನ ಪಕ್ಕ ಒಂದು ಚೌಕ ಇರುತ್ತದೆ. ನನ್ನದರಲ್ಲಿ ಅದು ಖಾಲಿ. ಕೋರ್ಟ್ ದಿನಾಂಕ ಮಾತ್ರ ಬರೆದಿತ್ತು. ಅಂದರೆ "ಆನ್‌ಲೈನ್‌ನಲ್ಲಿ ಕಟ್ಟಿಬಿಡು" ಅನ್ನುವ ಸಲಹೆಗೆ ಅಲ್ಲಿ ಜಾಗವೇ ಇರಲಿಲ್ಲ. ಸಹಿ ಹಾಕಿದರೆ ತಪ್ಪೊಪ್ಪಿಕೊಂಡ ಹಾಗೆ ಅಂತ ಹೆಂಡತಿಗೆ ಭಯ. ಹಾಗಲ್ಲ. ಸಹಿ ಅಂದರೆ ಕೋರ್ಟಿಗೆ ಬರುತ್ತೇನೆ ಅನ್ನುವ ಮಾತು, ಅಷ್ಟೇ.

ಆ ಸೆಕ್ಷನ್ ಸ್ಪೀಡಿಂಗ್‌ದಲ್ಲ, ರೆಕ್‌ಲೆಸ್ ಡ್ರೈವಿಂಗ್‌ದು, ಅಂದರೆ ಅಜಾಗರೂಕವಾಗಿ ಓಡಿಸಿದ್ದಕ್ಕೆ. ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೂ ಅದೇ, ಮಿತಿ ಎಷ್ಟೇ ಇರಲಿ 85 ದಾಟಿದರೂ ಅದೇ. 2020ರ ಜುಲೈಗೆ ಮೊದಲು ಆ ಗೆರೆ 80 ಇತ್ತು. ಇದು ಕ್ಲಾಸ್ 1 ಮಿಸ್‌ಡಿಮೀನರ್, ಕ್ರಿಮಿನಲ್ ಅಪರಾಧ. ಕಾನೂನಿನಲ್ಲಿ ಇರುವ ಗರಿಷ್ಠ ಶಿಕ್ಷೆ ಒಂದು ವರ್ಷ ಜೈಲು, 2,500 ಡಾಲರ್ ದಂಡ. ಮೊದಲ ಸಲ ಈ ವೇಗಕ್ಕೆ ಸಿಕ್ಕವರು ಜೈಲಿಗೆ ಹೋಗುವುದು ಅಪರೂಪ. ಆದರೆ ಕ್ರಿಮಿನಲ್ ದಾಖಲೆ ಉಳಿಯುವುದು ಅಪರೂಪವಲ್ಲ. ನನ್ನಂಥ ವೀಸಾದವರಿಗೆ ಎದೆ ನಡುಗಬೇಕಾದದ್ದು ಅಲ್ಲಿ. ವೀಸಾ ಸ್ಟಾಂಪಿಂಗ್‌ಗೆ ತುಂಬುವ ಡಿಎಸ್-160ರಲ್ಲಿ ಬಂಧನ ಆಗಿದೆಯಾ, ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯಾ ಅಂತ ನೇರವಾಗಿ ಕೇಳುತ್ತಾರೆ. ಬರೀ ಸ್ಪೀಡಿಂಗ್ ಆದರೆ ಅದು ಇನ್‌ಫ್ರ್ಯಾಕ್ಷನ್, ಕ್ರೈಮ್ ಅಲ್ಲ. ಒಂದೇ ರಸ್ತೆ, ಒಂದೇ ದಿನ, ಒಂದೇ ಕಾರು. 85ಕ್ಕೂ 86ಕ್ಕೂ ನಡುವೆ ಇರುವುದು ಇಷ್ಟು ದೊಡ್ಡ ವ್ಯತ್ಯಾಸ.

ಎರಡೂ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ನನ್ನ ಗುರಿ ಸ್ಪಷ್ಟವಾಯಿತು. ನ್ಯೂಜೆರ್ಸಿ ಪಾಯಿಂಟ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ತೀರ್ಪು ಏನೇ ಬಂದರೂ ಅದು 2 ದಾಟುವುದಿಲ್ಲ. ಲಾಯರ್ ಕೈಲಿ ವೇಗವನ್ನು ಇನ್ನೂ ಇಳಿಸಿ, ಇನ್ನೂ ಇಳಿಸಿ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ರೆಕ್‌ಲೆಸ್ ಅನ್ನುವ ಪದ ಹೋಗಬೇಕು, ಇನ್‌ಫ್ರ್ಯಾಕ್ಷನ್ ಆಗಬೇಕು. ಅಷ್ಟು ಸಾಕು. ಆ ಕೌಂಟಿಯಲ್ಲೇ ದಿನಾ ನಿಲ್ಲುವ ಲಾಯರ್ ಒಬ್ಬರನ್ನು ಹಿಡಿದೆ. ನಾನು ಈ ಲೆಕ್ಕ ಹೇಳಿದಾಗ ಅವರು ಒಪ್ಪಿದರು. ವರ್ಜೀನಿಯಾ ಲೈಸೆನ್ಸ್ ಇದ್ದವರಿಗೆ ಪ್ರತಿ ಮೈಲಿಯೂ ಅಲ್ಲಿನ ಪಾಯಿಂಟ್ ಲೆಕ್ಕಕ್ಕೆ ಬರುತ್ತದೆ, ನಿಮಗೆ ಬೇಕಾದದ್ದು ಬೇರೆ ಅಂದರು. ಲಾಯರ್ ಜೊತೆ ಮಾತಾಡುವಾಗ ನಿಮ್ಮ ಲೈಸೆನ್ಸ್ ಯಾವ ಸ್ಟೇಟಿಂದು, ಯಾವ ವೀಸಾದಲ್ಲಿದ್ದೀರಿ ಅನ್ನುವುದನ್ನು ಮೊದಲ ಫೋನಿನಲ್ಲೇ ಹೇಳಿ. ಅವರು ತಾವಾಗಿ ಕೇಳದೆಯೂ ಇರಬಹುದು.

ಅವರು ಮೂರು ಕಾಗದ ತರಲು ಹೇಳಿದರು. ಒಂದು, ನ್ಯೂಜೆರ್ಸಿಯ ಡ್ರೈವರ್ ಹಿಸ್ಟರಿ ಅಬ್‌ಸ್ಟ್ರ್ಯಾಕ್ಟ್, ಅಂದರೆ ನನ್ನ ಡ್ರೈವಿಂಗ್ ದಾಖಲೆಯ ಪ್ರತಿ. ಮೋಟಾರ್ ವೆಹಿಕಲ್ ಕಮಿಷನ್, ಅಂದರೆ ಎಂವಿಸಿ, 15 ಡಾಲರ್‌ಗೆ ಕೊಡುತ್ತದೆ. ನನ್ನದರಲ್ಲಿ ಏನೂ ಇರಲಿಲ್ಲ, ಅದೇ ಬೇಕಾದದ್ದು. ಎರಡನೆಯದು ಡ್ರೈವಿಂಗ್ ಕೋರ್ಸ್ ಮುಗಿಸಿದ ಸರ್ಟಿಫಿಕೇಟ್. ಇಲ್ಲಿ ಸ್ವಲ್ಪ ನಿಂತು ಯೋಚಿಸಿದ್ದು ಒಳ್ಳೆಯದಾಯಿತು. ನ್ಯೂಜೆರ್ಸಿ ಮಾನ್ಯತೆಯ ಡಿಫೆನ್ಸಿವ್ ಡ್ರೈವಿಂಗ್ ಕೋರ್ಸ್ ಮಾಡಿದರೆ ಎಂವಿಸಿ 2 ಪಾಯಿಂಟ್ ಕಳೆಯುತ್ತದೆ, ಆದರೆ ಐದು ವರ್ಷಕ್ಕೆ ಒಂದೇ ಸಲ. ಕಳೆಯಲು ಪಾಯಿಂಟ್ ಮೊದಲೇ ಇರಬೇಕು. ಇಲ್ಲದ ಪಾಯಿಂಟನ್ನು ಮುಂಗಡವಾಗಿ ಕಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಕೋರ್ಟಿಗೆ ತೋರಿಸಲು ವರ್ಜೀನಿಯಾದ 8 ಗಂಟೆಯ ಡ್ರೈವರ್ ಇಂಪ್ರೂವ್‌ಮೆಂಟ್ ಕೋರ್ಸ್ ಮಾಡಿದೆ. ನ್ಯೂಜೆರ್ಸಿಯ ಕೋರ್ಸನ್ನು ಪಾಯಿಂಟ್ ದಾಖಲೆಗೆ ಬಿದ್ದ ಮೇಲೆ ಮಾಡೋಣ ಅಂತ ಬಚ್ಚಿಟ್ಟುಕೊಂಡೆ.

ಮೂರನೆಯದು ಸ್ಪೀಡೋಮೀಟರ್ ಕ್ಯಾಲಿಬ್ರೇಷನ್, ಅಂದರೆ ಕಾರು ತೋರಿಸುವ ವೇಗ ಸರಿಯಾ ಅನ್ನುವ ಪರೀಕ್ಷೆಯ ಹಾಳೆ. ವರ್ಜೀನಿಯಾದ ಕೋರ್ಟುಗಳಲ್ಲಿ ಇದು ದಿನನಿತ್ಯದ ಸಾಕ್ಷ್ಯ, ಕಾನೂನಿನಲ್ಲೇ ಅವಕಾಶ ಇದೆ. ನಮ್ಮ ಕಡೆ ಮಾಡುವ ಗ್ಯಾರೇಜ್ ಹುಡುಕಬೇಕಾಯಿತು. ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಕಾರು ಇದ್ದಲ್ಲೇ ಇರುತ್ತದೆ, ಮುಳ್ಳು ಮಾತ್ರ ಏರುತ್ತಾ ಹೋಗುತ್ತದೆ. ಮೆಕ್ಯಾನಿಕ್ ಪ್ರತಿ ಹತ್ತು ಮೈಲಿಗೂ ನಿಲ್ಲಿಸಿ ರೋಲರ್‌ನ ಅಂಕಿ, ಡ್ಯಾಶ್‌ಬೋರ್ಡ್‌ನ ಅಂಕಿ ಎರಡನ್ನೂ ಪಕ್ಕಪಕ್ಕ ಬರೆಯುತ್ತಾ ಹೋದ. ನನ್ನ ಕಾರು 70 ತೋರಿಸುವಾಗ ನಿಜವಾಗಿ 72 ಓಡುತ್ತಿತ್ತು. ವೇಗ ಹೆಚ್ಚಾದಷ್ಟೂ ಅಂತರ ಹೆಚ್ಚು. 87 ಅಂತ ರಾಡಾರ್ ಹೇಳಿದಾಗ ನನ್ನ ಕಣ್ಣಿಗೆ ಕಂಡದ್ದು ಅಷ್ಟಿರಲಿಲ್ಲ ಅನ್ನುವುದಕ್ಕೆ ಆ ಒಂದು ಹಾಳೆ ಸಾಕ್ಷಿ.

ಕೋರ್ಟಿಗೆ ನಾನೇ ಹೋದೆ. ಕೆಲವು ಕೇಸಿನಲ್ಲಿ ಲಾಯರ್ ಒಬ್ಬರೇ ನಿಂತರೂ ನಡೆಯುತ್ತದೆ, ಅದು ಜಡ್ಜ್ ಮೇಲೆ, ವೇಗದ ಮೇಲೆ ಹೋಗುತ್ತದೆ. ಜನರಲ್ ಡಿಸ್ಟ್ರಿಕ್ಟ್ ಕೋರ್ಟಿನ ಆ ಹಾಲ್‌ನಲ್ಲಿ ಮೇರಿಲ್ಯಾಂಡ್, ನ್ಯೂಯಾರ್ಕ್, ಫ್ಲೋರಿಡಾ ಲೈಸೆನ್ಸ್‌ನವರೂ ಕೂತಿದ್ದರು. ಜೂರಿ ಇಲ್ಲ, ಜಡ್ಜ್ ಒಬ್ಬರೇ. ನನ್ನ ಹೆಸರು ಕರೆದಾಗ ಟ್ರೂಪರ್ ಎದ್ದು ವೇಗ, ಜಾಗ, ರಾಡಾರ್ ಪರೀಕ್ಷೆಯ ವಿವರ ಹೇಳಿದರು. ಜಡ್ಜ್ ಅವರನ್ನೇ ಕೇಳಿದರು, ಈ ಮನುಷ್ಯ ನಿಮ್ಮ ಜೊತೆ ಹೇಗೆ ನಡೆದುಕೊಂಡರು ಅಂತ. ಮರ್ಯಾದೆಯಿಂದ ಅಂತ ಟ್ರೂಪರ್ ಉತ್ತರ. ರಸ್ತೆ ಬದಿಯಲ್ಲಿ ವಾದ ಮಾಡಬೇಡಿ ಅಂತ ದೊಡ್ಡವರು ಹೇಳುತ್ತಾರಲ್ಲ, ಅದರ ಬೆಲೆ ಗೊತ್ತಾಗುವುದು ಈ ಪ್ರಶ್ನೆ ಬಂದಾಗ. ಲಾಯರ್ ಮೂರೂ ಕಾಗದ ಮುಂದಿಟ್ಟರು. ತೀರ್ಪು: 70 ಮಿತಿಯ ಜಾಗದಲ್ಲಿ 79, ಸಾಮಾನ್ಯ ಸ್ಪೀಡಿಂಗ್, ದಂಡ ಮತ್ತು ಕೋರ್ಟ್ ಖರ್ಚು. ಮಿಸ್‌ಡಿಮೀನರ್ ಹೋಯಿತು. ತೀರ್ಪು ಉಲ್ಟಾ ಬಂದಿದ್ದರೂ ಹತ್ತು ದಿನದೊಳಗೆ ಸರ್ಕ್ಯೂಟ್ ಕೋರ್ಟಿಗೆ ಮೇಲ್ಮನವಿ ಹಾಕಬಹುದಿತ್ತು, ಅಲ್ಲಿ ವಿಚಾರಣೆ ಮೊದಲಿಂದ ನಡೆಯುತ್ತದೆ.

ಕೋರ್ಟಿಗೂ ಹೋಗದೆ, ದುಡ್ಡೂ ಕಟ್ಟದೆ ಸುಮ್ನೆ ಕೂತರೆ? ಹಾಗೆ ಮಾಡಿದವರನ್ನು ನಾನು ಬಲ್ಲೆ, ದಯವಿಟ್ಟು ಮಾಡಬೇಡಿ. ಇದಕ್ಕೆ ಇನ್ನೊಂದು ಒಪ್ಪಂದ ಇದೆ, ನಾನ್‌ರೆಸಿಡೆಂಟ್ ವಯಲೇಟರ್ ಕಾಂಪ್ಯಾಕ್ಟ್. 44 ಸ್ಟೇಟುಗಳು ಮತ್ತು ಡಿಸಿ ಅದರಲ್ಲಿವೆ. ಟಿಕೆಟ್‌ಗೆ ಉತ್ತರವೇ ಕೊಡದಿದ್ದರೆ ಆ ಸ್ಟೇಟ್ ನಿಮ್ಮ ಸ್ಟೇಟಿಗೆ ತಿಳಿಸುತ್ತದೆ, ನಿಮ್ಮ ಸ್ಟೇಟ್ ಲೈಸೆನ್ಸನ್ನೇ ಅಮಾನತು ಮಾಡುತ್ತದೆ. ನ್ಯೂಜೆರ್ಸಿಯಲ್ಲಿ ಅದನ್ನು ವಾಪಸ್ ಪಡೆಯಲು 100 ಡಾಲರ್ ಶುಲ್ಕ ಬೇರೆ. ಮಿಸ್‌ಡಿಮೀನರ್ ಆಗಿದ್ದರೆ ವಾರಂಟ್ ಕೂಡ ಹೊರಡಬಹುದು. ಹೊಸದಾಗಿ ಬಂದು ಇನ್ನೂ ಕರ್ನಾಟಕದ ಲೈಸೆನ್ಸ್‌ನಲ್ಲೇ ಓಡಿಸುವ ವಿದ್ಯಾರ್ಥಿಗಳು ನಮಗೇನೂ ಆಗಲ್ಲ ಅಂದುಕೊಳ್ಳುತ್ತಾರೆ. ಆರ್‌ಟಿಓಗೆ ಪಾಯಿಂಟ್ ಹೋಗುವುದಿಲ್ಲ, ನಿಜ. ಆದರೆ ಆ ಸ್ಟೇಟ್ ನಿಮ್ಮ ಹೆಸರಲ್ಲೇ ಒಂದು ದಾಖಲೆ ತೆರೆದು ಓಡಿಸುವ ಹಕ್ಕನ್ನು ಅಮಾನತು ಮಾಡಬಹುದು. ಅದು ನ್ಯಾಷನಲ್ ಡ್ರೈವರ್ ರಿಜಿಸ್ಟರ್‌ಗೆ ಸೇರುತ್ತದೆ. ಮುಂದೆ ಯಾವ ಸ್ಟೇಟಿನಲ್ಲಿ ಲೈಸೆನ್ಸ್‌ಗೆ ಹೋದರೂ ಮೊದಲು ನೋಡುವುದು ಅದನ್ನೇ.

ಕ್ಯಾಮೆರಾ ಟಿಕೆಟ್‌ಗಳು ಮಾತ್ರ ಬೇರೆ ಜಾತಿ. ಸಾಮಾನ್ಯವಾಗಿ ಅವು ಕಾರಿನ ಮಾಲೀಕರಿಗೆ ಬರುವ ಸಿವಿಲ್ ದಂಡ, ಡ್ರೈವರ್ ಲೈಸೆನ್ಸ್‌ಗೆ ಪಾಯಿಂಟ್ ಇರುವುದಿಲ್ಲ. 

ಕೇಸ್ ಮುಗಿದ ಮೇಲೆ ಕಾದು ಇನ್ನೊಮ್ಮೆ ಅಬ್‌ಸ್ಟ್ರ್ಯಾಕ್ಟ್ ತೆಗೆಸಿದೆ. ವರ್ಜೀನಿಯಾದ ಸಾಲು ಬಂದು ಕೂತಿತ್ತು, 2 ಪಾಯಿಂಟ್. ಆಗ ನ್ಯೂಜೆರ್ಸಿ ಕೋರ್ಸ್ ಮುಗಿಸಿದೆ, ಆ 2 ಹೋಯಿತು. ಒಂದು ವರ್ಷ ಏನೂ ತಪ್ಪಿಲ್ಲದೆ ಓಡಿಸಿದರೆ 3 ಪಾಯಿಂಟ್ ತಾನಾಗಿಯೇ ಕಳೆಯುತ್ತದೆ, ಹಾಗಾಗಿ ಬರೀ 2 ಇದ್ದವರಿಗೆ ಕೋರ್ಸ್ ಕಡ್ಡಾಯವೇನಲ್ಲ. ಮೂರು ವರ್ಷದೊಳಗೆ 6 ಪಾಯಿಂಟ್ ಆದರೆ ಸರ್‌ಚಾರ್ಜ್ ಅನ್ನುವ ಹೆಚ್ಚುವರಿ ಶುಲ್ಕ, 12 ಆದರೆ ಅಮಾನತು. ಅದರ ಹತ್ತಿರ ಇರುವವರಿಗೆ ಒಂದೊಂದು ಪಾಯಿಂಟೂ ಮುಖ್ಯ. ನಾನು ಮಾಡಿದ್ದು ಜಾಸ್ತಿ ಇನ್ಶೂರೆನ್ಸ್‌ಗಾಗಿ. ಕೋರ್ಸ್ ಮಾಡಿದವರಿಗೆ ಮೂರು ವರ್ಷ ರಿಯಾಯಿತಿ ಕೊಡಬೇಕು ಅಂತ ಇಲ್ಲಿ ಕಾನೂನಿದೆ. ಪಾಯಿಂಟ್ ಕಳೆದರೂ ಟಿಕೆಟ್‌ನ ಸಾಲು ದಾಖಲೆಯಿಂದ ಅಳಿಯುವುದಿಲ್ಲ, ಇನ್ಶೂರೆನ್ಸ್‌ನವರು ನೋಡುವುದು ಆ ಸಾಲನ್ನೇ. ಎಂವಿಸಿ ಪಾಯಿಂಟ್ ಸೊನ್ನೆ ಇದ್ದರೂ ಪ್ರೀಮಿಯಂ ಏರುವುದು ಇದಕ್ಕೇ. ನ್ಯೂಯಾರ್ಕ್‌ನವರಿಗೂ ಇದು ಅನ್ವಯಿಸುತ್ತದೆ, ಪಾಯಿಂಟ್ ಇಲ್ಲ ಅಂತ ಖುಷಿಪಟ್ಟವರು ರಿನೀವಲ್ ಕಾಗದ ಬಂದಾಗ ಒಮ್ಮೆ ನೋಡಿಕೊಳ್ಳಿ.

ಕೊನೆಯದಾಗಿ, ಕೋರ್ಟ್ ಕ್ಲರ್ಕ್ ಹತ್ತಿರ ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆದುಕೊಂಡು ವೀಸಾ ಕಾಗದಗಳ ಫೈಲ್‌ನಲ್ಲೇ ಇಟ್ಟಿದ್ದೇನೆ. ಪೌರತ್ವದ ಎನ್-400 ಅರ್ಜಿಯಲ್ಲಿ ಪೊಲೀಸರು ಯಾವಾಗಲಾದರೂ ಟಿಕೆಟ್ ಕೊಟ್ಟಿದ್ದಾರಾ ಅನ್ನುವ ಪ್ರಶ್ನೆಯೂ ಸೇರಿದೆ. ಅದಕ್ಕೆ ಹೌದು ಅಂತಲೇ ಬರೆಯಬೇಕು. ಬಂಧನ ಇಲ್ಲದೆ, ಮದ್ಯ, ಡ್ರಗ್ಸ್ ಸಂಬಂಧ ಇಲ್ಲದೆ, 500 ಡಾಲರ್‌ಗಿಂತ ಕಡಿಮೆ ದಂಡ ಅಥವಾ ಪಾಯಿಂಟ್‌ನಲ್ಲಿ ಮುಗಿದ ಟ್ರಾಫಿಕ್ ಕೇಸಿಗೆ ಕಾಗದ ಲಗತ್ತಿಸುವುದು ಬೇಡ ಅಂತ ಅರ್ಜಿಯ ಸೂಚನೆಗಳಲ್ಲಿದೆ. ಆದರೂ ನನ್ನದು ಶುರುವಾದದ್ದು ಕ್ರಿಮಿನಲ್ ಸೆಕ್ಷನ್‌ನಲ್ಲಿ. ಇಂಟರ್‌ವ್ಯೂನಲ್ಲಿ ಕೇಳಿದರೆ ತೋರಿಸಲು ಆ ಒಂದು ಹಾಳೆ ಕೈಲಿರಲಿ ಅಂತ ನನ್ನ ಇಮಿಗ್ರೇಷನ್ ಲಾಯರ್ ಹೇಳಿದ್ದಾರೆ. ವರ್ಷಗಳಾದ ಮೇಲೆ ಹಳೆಯ ಕೇಸಿನ ಕಾಗದ ಕೋರ್ಟಿನಲ್ಲಿ ಹುಡುಕಿಸುವುದು ಕಷ್ಟ, ಆಗಲೇ ತೆಗೆದಿಟ್ಟುಕೊಳ್ಳಿ.