ಬೇಲಿಗೆ ಮುಂಚೆ ಪ್ರಶ್ನೆ: ಕಾಡಂಚಿನ ಮನೆಗಳಲ್ಲಿ ಸಮೀಕ್ಷೆ ನಡೆಸುವುದು ಹೇಗೆ?

ಆನೆ ಬೆಳೆ ತುಳಿದ ಊರಿಗೆ ಬೇಲಿ, ಚಿರತೆ ಕುರಿ ಹೊತ್ತೊಯ್ದ ಊರಿಗೆ ಬೋನು. ಸಂಘರ್ಷದ ಸುದ್ದಿ ಬಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಇವೇ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಬೇಲಿಯ ತಂತಿ ನೆಲ ಕಚ್ಚಿರುತ್ತದೆ, ಎತ್ತಿ ಕಟ್ಟುವವರಿರುವುದಿಲ್ಲ. ಬೇಲಿ ಬೇಕೇ, ಯಾವ ಬದಿಗೆ ಬೇಕು, ಅದನ್ನು ನೋಡಿಕೊಳ್ಳುವವರು ಯಾರು ಎಂದು ಅಲ್ಲಿ ಬಾಳುವವರನ್ನು ಯಾರೂ ಕೇಳಿರುವುದಿಲ್ಲ. ಕೇಳಿದ್ದರೂ ತಪ್ಪಾಗಿ ಕೇಳಿರುತ್ತಾರೆ. ಒಳ್ಳೆಯ ಮನಸ್ಸಿನ ಯುವಕ ಯುವತಿಯರು ವಾರಗಟ್ಟಲೆ ಮನೆಮನೆ ಅಲೆದು, ಕೊನೆಗೆ ಯಾವ ನಿರ್ಧಾರಕ್ಕೂ ಒದಗದ ಉತ್ತರಗಳ ಕಟ್ಟು ಹೊತ್ತು ಮರಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಶ್ರಮ ಹಾಗೆ ಹಾಳಾಗಬಾರದು ಎಂಬುದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ನಿರ್ಧಾರ ಇನ್ನೂ ಬಾಕಿ ಇದೆಯೇ?

ಜನರ ಉತ್ತರದಿಂದ ಏನು ಬದಲಾಗಬಹುದು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಬರೆಯಲಾಗದಿದ್ದರೆ ಸಮೀಕ್ಷೆಯನ್ನೇ ಕೈಬಿಡಿ. ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ 1969ರ ಪ್ರಸಿದ್ಧ ಪ್ರಬಂಧವೊಂದರಲ್ಲಿ ಬರೀ ‘ಅಭಿಪ್ರಾಯ ಕೇಳುವುದು’ ನಾಲ್ಕನೆಯ ಮೆಟ್ಟಿಲು ಮಾತ್ರ. ಅಧಿಕಾರದಲ್ಲಿ ಪಾಲು ಸಿಗದ ಹೊರತು ಅದೂ ತೋರಿಕೆಯದೇ ಎಂಬುದು ಅಲ್ಲಿನ ವಾದ. ಟೆಂಡರ್ ಮುಗಿದ ಮೇಲೆ ಜನರ ಮನೆಬಾಗಿಲಿಗೆ ಹೋಗುವುದು ಅವರಿಗೆ ಮಾಡುವ ಅವಮಾನ. ಮುಂದಿನ ಬಾರಿ ನಿಜವಾದ ಪ್ರಶ್ನೆ ಹಿಡಿದು ಹೋದವರಿಗೂ ಬಾಗಿಲು ತೆರೆಯುವುದಿಲ್ಲ.

2. ಯಾರನ್ನು ಕೇಳಬೇಕು?

ಮನೆಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಆರಿಸಿ. ಪ್ರತಿ ಎರಡನೆಯ ಮನೆಯಲ್ಲಾದರೂ ಹೆಂಗಸರನ್ನು ಮಾತನಾಡಿಸಿ. ಜಮೀನಿಲ್ಲದವರು, ದನ ಕಾಯುವವರು, ರಾತ್ರಿ ಹೊಲ ಕಾಯುವವರು ಪಟ್ಟಿಯಲ್ಲಿ ಇದ್ದಾರೆಯೇ ಎಂದು ಎರಡು ಸಲ ನೋಡಿ. ರಸ್ತೆ ಬದಿಯ ಮನೆಗಳಷ್ಟನ್ನೇ ಮುಗಿಸಿ ಬರುವುದು ಅಡ್ಡದಾರಿ. ಪ್ರಾಣಿ ಮೊದಲು ಬರುವುದು ಊರಿನ ಕೊನೆಯ ಮನೆಗೆ.

3. ಪ್ರಶ್ನೆ ಕಟ್ಟುವುದು

ಕೆಲಸ ಕೆಡುವುದು ಇಲ್ಲಿಯೇ. ಆದ್ದರಿಂದ ಇಲ್ಲಿ ಆತುರ ಬೇಡ.

ಬೇರೆ ಭಾಷೆಯಿಂದ ಅನುವಾದಿಸಿದ ಸಿದ್ಧ ಪ್ರಶ್ನಾವಳಿಯನ್ನು ಮೊದಲು ಪಕ್ಕಕ್ಕಿಡಿ. ‘ವನ್ಯಜೀವಿಗಳ ಬಗ್ಗೆ ನಿಮ್ಮ ಸಹಿಷ್ಣುತೆಯ ಮಟ್ಟವೇನು?’ ಎಂದು ಕೇಳಿದರೆ ಎದುರಿನವರು ನಿಮ್ಮ ಮುಖ ನೋಡುತ್ತಾರೆ, ನಿಮಗೆ ಹಿತವಾಗುವ ಒಂದು ಉತ್ತರ ಕೊಟ್ಟು ಕಳಿಸುತ್ತಾರೆ. ಬದಲಿಗೆ ಹೀಗೆ ಕೇಳಿ: ‘ಹಂದಿ ಕೊನೆಯ ಬಾರಿ ಬಂದದ್ದು ಯಾವಾಗ? ಆಗ ನೀವು ಎಲ್ಲಿದ್ದಿರಿ? ಏನು ಮಾಡಿದಿರಿ? ಇನ್ನೊಮ್ಮೆ ಬಂದರೆ ಏನು ಮಾಡುತ್ತೀರಿ?’ ಅಭಿಪ್ರಾಯ ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ, ಘಟನೆ ಕೇಳಿದರೆ ನೆನಪಿಸಿಕೊಂಡು ಹೇಳುತ್ತಾರೆ. ನಮಗೆ ಬೇಕಾದದ್ದು ಎರಡನೆಯದು.

ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆ ತುರುಕಬೇಡಿ. ‘ಆನೆ ಮತ್ತು ಚಿರತೆಯಿಂದ ತೊಂದರೆಯಾಗಿದೆಯೇ?’ ಎಂಬುದಕ್ಕೆ ಬಂದ ‘ಹೌದು’ ಯಾವ ಪ್ರಾಣಿಗೆ ಸೇರಿದ್ದು? ‘ಕಳೆದ ವರ್ಷ ಎಷ್ಟು ನಷ್ಟವಾಯಿತು?’ ಎಂಬುದೂ ಬೇಡ. ಒಂದು ಕೊಯ್ಲಿನಿಂದ ಮುಂದಿನ ಕೊಯ್ಲಿನವರೆಗೆ ಎಂದು ಕಾಲವನ್ನು ಗುರುತಿಸಿ ಕೇಳಿ. ಹೊಲದಲ್ಲಿಯೇ ನಿಂತು, ತುಳಿದದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಹೇಳಿದರೆ ಇನ್ನೂ ಒಳ್ಳೆಯದು.

ಬೆಳೆನಷ್ಟದ ಪ್ರಶ್ನೆಗಳಿಗೇ ನಿಲ್ಲಬೇಡಿ. ಕಾವಲು ಕಾಯುತ್ತಾ ಕಳೆದ ರಾತ್ರಿಗಳೆಷ್ಟು, ಬೆಳಗ್ಗೆ ಶಾಲೆಯಲ್ಲಿ ತೂಕಡಿಸುವ ಮಗು ಯಾವುದು, ಸಂಜೆಯಾದ ಮೇಲೆ ನೀರಿಗೆ ಹೋಗಲು ಅಂಜುವವರು ಯಾರು ಎಂದು ಕೇಳಿ. ಇವು ಯಾವ ಪರಿಹಾರದ ಅರ್ಜಿಯಲ್ಲೂ ಬರುವುದಿಲ್ಲ, ಆದರೆ ಜನರ ಸಿಟ್ಟು ಹುಟ್ಟುವುದು ಇಲ್ಲಿಯೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ತೋಳಗಳ ಬಗ್ಗೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೋಳಕ್ಕೆ ಸಾಕುಪ್ರಾಣಿ ಕಳೆದುಕೊಂಡು ಪರಿಹಾರದ ಹಣ ಪಡೆದವರು ಪಡೆಯದವರಿಗಿಂತ ತೋಳವನ್ನು ಹೆಚ್ಚು ಸಹಿಸಿಕೊಳ್ಳುತ್ತಿರಲಿಲ್ಲ. ಪರಿಹಾರ ಕೊಡಬೇಕಾದದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಕೈಸೇರಿದ ಮಾತ್ರಕ್ಕೆ ಮನಸ್ಸು ತಿಳಿಯಾಗುತ್ತದೆ ಎಂದುಕೊಂಡು ಪ್ರಶ್ನೆ ನಿಲ್ಲಿಸಬಾರದು.

ಪ್ರಶ್ನಾವಳಿಯನ್ನು ಹತ್ತು ಮನೆಗಳಲ್ಲಿ ಮೊದಲು ಕೇಳಿ ನೋಡಿ, ತಡವರಿಸಿದ ಕಡೆಯಲ್ಲೆಲ್ಲ ತಿದ್ದಿ. ನಲವತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅರ್ಧ ಕಿತ್ತುಹಾಕಿ.

4. ಹೇಳಲಾಗದ್ದನ್ನು ಕೇಳುವುದು

ಉರುಳು ಹಾಕಿದವರು, ಸತ್ತ ದನಕ್ಕೆ ವಿಷ ಸವರಿದವರು, ಬೇಲಿಗೆ ಕದ್ದು ವಿದ್ಯುತ್ ಹಾಯಿಸಿದವರು ನೇರ ಪ್ರಶ್ನೆಗೆ ‘ಇಲ್ಲ’ ಎನ್ನುತ್ತಾರೆ. ಅದು ಸಹಜ, ಜೈಲಿನ ಭಯ ಯಾರಿಗಿಲ್ಲ? ಆ ‘ಇಲ್ಲ’ವನ್ನು ನಂಬಿ ‘ಈ ಭಾಗದಲ್ಲಿ ಪ್ರಾಣಿಹತ್ಯೆ ಇಲ್ಲ’ ಎಂದು ಬರೆದ ವರದಿಗಳು ಪ್ರಾಣಿಗಳಿಗೂ ಜನರಿಗೂ ಕೇಡು ಮಾಡಿವೆ.

ಇದಕ್ಕೆ 1965ರಷ್ಟು ಹಿಂದೆಯೇ ಸಂಖ್ಯಾಶಾಸ್ತ್ರದಲ್ಲಿ ಒಂದು ದಾರಿ ಹುಟ್ಟಿಕೊಂಡಿತು. ದಕ್ಷಿಣ ಆಫ್ರಿಕಾದ ಜಾನುವಾರು ಸಾಕಣೆದಾರರಲ್ಲಿ ಚಿರತೆಯಂತಹ ಪ್ರಾಣಿಗಳ ಹತ್ಯೆಯ ಪ್ರಮಾಣ ಅಳೆಯಲೂ ಅದನ್ನು ಬಳಸಿದ್ದಾರೆ. ಬೇಕಾದದ್ದು ಒಂದು ದಾಳ ಮತ್ತು ಒಳಗಿರುವುದು ಹೊರಗೆ ಕಾಣದ ಒಂದು ಲೋಟ.

ದಾಳವನ್ನು ಲೋಟದಲ್ಲಿ ಹಾಕಿ ಅವರ ಕೈಗೆ ಕೊಡಿ. ಕುಲುಕಿ ಅವರೊಬ್ಬರೇ ನೋಡಬೇಕು. 1ರಿಂದ 4ರವರೆಗೆ ಯಾವುದು ಬಿದ್ದರೂ ನಿಜ ಹೇಳಬೇಕು. 5 ಬಿದ್ದರೆ ನಿಜ ಏನೇ ಇರಲಿ ‘ಹೌದು’ ಎನ್ನಬೇಕು, 6 ಬಿದ್ದರೆ ‘ಇಲ್ಲ’ ಎನ್ನಬೇಕು. ಈಗ ಒಬ್ಬರು ‘ಹೌದು’ ಎಂದರೆ ಅದು ತಪ್ಪೊಪ್ಪಿಗೆಯೋ ದಾಳದ ಮಾತೋ ನಿಮಗೆ ತಿಳಿಯದು, ನ್ಯಾಯಾಲಯಕ್ಕೂ ತಿಳಿಯದು. ಆದರೆ ಇಡೀ ಗುಂಪಿನ ಲೆಕ್ಕ ಸಿಗುತ್ತದೆ. 120 ಜನರಲ್ಲಿ ಸುಮಾರು 20 ಮಂದಿಗೆ 5 ಬಿದ್ದಿರುತ್ತದೆ, 20 ಮಂದಿಗೆ 6. ನಿಜ ಹೇಳಿದವರು 80. ಒಟ್ಟು 36 ‘ಹೌದು’ ಬಂದಿದ್ದರೆ ದಾಳದ 20 ಕಳೆಯಿರಿ, ಉಳಿಯುವುದು 16. ಎಂಬತ್ತರಲ್ಲಿ ಹದಿನಾರು, ಅಂದರೆ ಶೇಕಡ 20ರಷ್ಟು ಜನ.

ಎಡವುವುದು ಮೂರು ಕಡೆ. ಮೊದಲನೆಯದು ತಾಲೀಮಿಲ್ಲದೆ ಶುರು ಮಾಡುವುದು. ‘ನಿನ್ನೆ ಮಳೆಯಲ್ಲಿ ನೆನೆದಿರಾ?’ ಎಂಬಂತಹ ನಿರಪಾಯದ ಪ್ರಶ್ನೆಗಳನ್ನಿಟ್ಟು ನಾಲ್ಕೈದು ಸಲ ಆಡಿಸಿ, ನಿಯಮ ಅರ್ಥವಾದ ಮೇಲೆ ಮುಂದುವರಿಯಿರಿ. ಎರಡನೆಯದು 5 ಬಿದ್ದವರ ಸಂಕೋಚ. ಮಾಡದ ತಪ್ಪಿಗೆ ‘ಹೌದು’ ಎನ್ನಲು ನಾಲಗೆ ಏಳುವುದಿಲ್ಲ, ‘ಇಲ್ಲ’ ಎಂದುಬಿಡುತ್ತಾರೆ, ಲೆಕ್ಕ ತಗ್ಗುತ್ತದೆ. ‘ನೀವು ಹೇಳುವ ಹೌದು ನಿಮ್ಮದಲ್ಲ, ದಾಳದ್ದು, ಅದು ನಿಮ್ಮ ಪಕ್ಕದ ಮನೆಯವರನ್ನು ಕಾಪಾಡುತ್ತದೆ’ ಎಂದು ಬಿಡಿಸಿ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಮೂರನೆಯದು ಸಣ್ಣ ಗುಂಪು. ಮೂವತ್ತು ಜನರಲ್ಲಿ ದಾಳದ ಅದೃಷ್ಟವೇ ಮೇಲುಗೈಯಾಗುತ್ತದೆ. ನೂರಕ್ಕಿಂತ ಕಡಿಮೆ ಇದ್ದರೆ ಈ ವಿಧಾನ ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ಉತ್ತರ ತುಂಬಿಸಿಕೊಳ್ಳುವ ಕೆಲವು ಆ್ಯಪ್‌ಗಳು ನೀವು ನಿಂತ ಜಾಗವನ್ನೂ ತಾವಾಗಿಯೇ ದಾಖಲಿಸಿಕೊಳ್ಳುತ್ತವೆ. ಹೆಸರು ಬರೆಯದಿದ್ದರೂ ಮನೆ ಸಿಕ್ಕಿಬೀಳುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ, ನಿಲ್ಲಿಸಲಾಗದಿದ್ದರೆ ಕಾಗದವನ್ನೇ ಬಳಸಿ. ಸಮವಸ್ತ್ರದವರನ್ನು ಜೊತೆಗೆ ಕರೆದೊಯ್ಯುವುದಂತೂ ಸಲ್ಲದು.

5. ಸರಾಸರಿಯನ್ನು ನಂಬಬೇಡಿ

ಎಷ್ಟು ಒಪ್ಪುತ್ತೀರಿ ಎಂದು 1ರಿಂದ 5ರವರೆಗೆ ಅಂಕ ಕೇಳಿದಾಗ ಅರ್ಧ ಊರು 1, ಇನ್ನರ್ಧ ಊರು 5 ಕೊಟ್ಟರೆ ಸರಾಸರಿ 3. ಎಲ್ಲರೂ 3 ಕೊಟ್ಟ ಊರಿನದೂ 3. ಮೊದಲನೆಯ ಊರು ಒಡೆದು ನಿಂತಿದೆ, ಎರಡನೆಯದು ಹೊಂದಿಕೊಂಡಿದೆ. ಪ್ರತಿ ಅಂಕಕ್ಕೂ ಎಷ್ಟು ಜನ ಎಂದು ಗೆರೆ ಎಳೆದು ಚಿತ್ರ ಬಿಡಿಸಿ ನೋಡಿ.

6. ಮರಳಿ ಹೋಗುವುದು

ಉತ್ತರಗಳನ್ನು ಊರಿಗೇ ಒಯ್ದು ಓದಿ ಹೇಳಿ, ನಂತರ ಉಪಾಯಗಳ ಮಾತೆತ್ತಿ. ಸಭೆಯಲ್ಲಿ ಜಗಳ ಪ್ರಾಣಿಯನ್ನು ಬಿಟ್ಟು ಹಳೆಯ ಅರ್ಜಿ, ಹಳೆಯ ಮಾತುಗಳ ಕಡೆಗೆ ತಿರುಗಿದರೆ ತಡೆಯಬೇಡಿ. ಅರಣ್ಯ ಇಲಾಖೆಯ ಮೇಲಿನ ಆ ಅಪನಂಬಿಕೆಯೇ ಎಷ್ಟೋ ಕಡೆ ನಿಜವಾದ ಗಾಯ; ಅದನ್ನು ಬಿಟ್ಟು ಬೇಲಿಯ ಎತ್ತರದ ಬಗ್ಗೆ ಗಂಟೆಗಟ್ಟಲೆ ಮಾತನಾಡಿದರೂ ಪ್ರಯೋಜನವಿಲ್ಲ.

ಕೀನ್ಯಾದ ರೈತರು ಹೊಲದ ಸುತ್ತ ಸುಮಾರು ಹತ್ತು ಮೀಟರಿಗೊಂದರಂತೆ ಜೇನುಪೆಟ್ಟಿಗೆ ತೂಗಿಬಿಟ್ಟು ಆನೆ ತಡೆಯುತ್ತಾರೆ. ಪೆಟ್ಟಿಗೆಗಳನ್ನು ಬೆಸೆದ ತಂತಿಗೆ ಆನೆ ತಾಗಿದರೆ ಜೇನು ಏಳುತ್ತದೆ. ಜೇನು ಸಾಕಲು ಮನಸ್ಸಿರುವವರ ಹೊಲದಲ್ಲಿ ಮಾತ್ರ ಇದು ಉಳಿಯುತ್ತದೆ. ಖಾಲಿ ಪೆಟ್ಟಿಗೆ ಆನೆಯನ್ನು ನಿಲ್ಲಿಸದು. ಅದೇ ದೇಶದ ಅಂಬೋಸೆಲಿಯಲ್ಲಿ 2007ರಿಂದ, ಹಿಂದೆ ಸಿಂಹ ಬೇಟೆಯಾಡುತ್ತಿದ್ದ ಮಸಾಯ್ ಸಮುದಾಯದ ಯುವಕರೇ ಸಂಬಳ ಪಡೆದು ಸಿಂಹಗಳ ಜಾಡು ಹಿಡಿಯುತ್ತಾರೆ, ದನ ಕಾಯುವವರಿಗೆ ಮುನ್ಸೂಚನೆ ಕೊಡುತ್ತಾರೆ. ನನ್ನ ಆಯ್ಕೆ ಯಾವಾಗಲೂ ಇಂತಹ ಜನರ ಕೈಯ ಕೆಲಸ. ಮಿನುಗು ದೀಪ, ಸದ್ದು ಮಾಡುವ ಪೆಟ್ಟಿಗೆಗಳನ್ನು ಮಾರುವವರು ಬಂದರೆ ಕಳಿಸಿಬಿಡಿ. ಪ್ರಾಣಿಗಳು ಬಹುಬೇಗ ಅವಕ್ಕೆ ಒಗ್ಗಿಕೊಳ್ಳುತ್ತವೆ.

ಉಪಾಯ ಜಾರಿಯಾದ ಮೇಲೆ ಒಂದು ಕೊಯ್ಲು ಮುಗಿಯಲು ಬಿಡಿ. ಆಮೇಲೆ ಅದೇ ಮನೆಗಳಿಗೆ ಹೋಗಿ, ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ. ನಿದ್ದೆಗೆಟ್ಟ ರಾತ್ರಿಗಳ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.